ಆಟೊಮ್ಯಾಟಿಕ್ ಗಾಡಿ ಜರ್ಕ್ ಹೊಡೀತಿದೆಯಾ? ಗೇರ್‌ಬಾಕ್ಸ್ ಆಯಿಲ್ ಬಿಚ್ಚಿಸುವ ಮೊದಲು ಇದನ್ನು ಓದಿ

ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಬೀಳುವಾಗ ಜರ್ಕ್ ಬರುತ್ತಿದ್ದರೆ, ಮನೆಗೇ ಬಂದು ರಿಪೇರಿ ಮಾಡುವವರ ಕೈಗೆ ಗೇರ್‌ಬಾಕ್ಸ್ ಕೊಡಬೇಡಿ. ಇಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಬ್ಯಾಟರಿಗೆಲ್ಲ ಅವರನ್ನು ಕರೆಸಿ, ತೊಂದರೆ ಇಲ್ಲ. ನಾನೂ ಕರೆಸುತ್ತೇನೆ. ಗೇರ್‌ಬಾಕ್ಸ್ ಮಾತ್ರ ಬೇಡ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ನಡೆದ ಅಂಥ ಒಂದು ಕೆಲಸ ನನ್ನ ಕಾರನ್ನು ಹಾಳು ಮಾಡಿತು. ಬೇಜಾರು ಏನೆಂದರೆ, ಮೂಲ ತೊಂದರೆ ಗೇರ್‌ಬಾಕ್ಸ್‌ನಲ್ಲಿ ಇರಲೇ ಇಲ್ಲ.

ನನ್ನದು ಆರು ಗೇರಿನ, ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಹಳೇ ಪೆಟ್ರೋಲ್ ಗಾಡಿ. ಬ್ರೇಕ್ ಒತ್ತಿಕೊಂಡು ಪಿಯಿಂದ ಡಿಗೆ ಹಾಕಿದರೆ ದಡ್ ಅನ್ನುತ್ತಿತ್ತು. ಆರ್‌ಗೆ ಹಾಕಿದರೆ ಇನ್ನೂ ಜೋರು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಕಾಲ ಕೆಳಗೆ ಏನೋ ಗುದ್ದಿದ ಹಾಗಾಗುತ್ತಿತ್ತು. ಆದರೆ ಮೈಸೂರು ರಸ್ತೆಗೆ ಬಿದ್ದ ಮೇಲೆ ಏನೂ ಇಲ್ಲ. ಒಂದರಿಂದ ಆರರವರೆಗೆ ಗೇರ್ ಬದಲಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಕಾಯಿಲೆ ಏನು ಅಂತ ಗಾಡಿಯೇ ಹೇಳುತ್ತಿತ್ತು.

ಮನೆಗೆ ಬಂದು ಸರ್ವಿಸ್ ಮಾಡುವ ಒಂದು ಕಂಪನಿಗೆ ಬುಕ್ ಮಾಡಿದೆವು. ಹೆಸರು ಹಾಕುವುದಿಲ್ಲ, ಇಂಥವು ಊರಿಗೆ ಹತ್ತಿವೆ. ಬಂದ ಹುಡುಗ ಬೇಸ್‌ಮೆಂಟ್‌ನಲ್ಲೇ ಒಂದು ಸುತ್ತು ಓಡಿಸಿ ನೋಡಿದ. "ಮೇಡಂ, ಗೇರ್ ಆಯಿಲ್ ಹಳೇದಾಗಿದೆ. ಚೇಂಜ್ ಮಾಡಿದ್ರೆ ಬೆಣ್ಣೆ ತರ ಹೋಗುತ್ತೆ" ಅಂದ. ಹೈವೇಯಲ್ಲಿ ಚೆನ್ನಾಗಿಯೇ ಹೋಗುತ್ತದಲ್ಲಪ್ಪ ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಯಾವ ಆಯಿಲ್ ಹಾಕುತ್ತೀಯ ಅಂತ ಕೇಳಿದ್ದಕ್ಕೆ, "ಸಾರ್ ಇದ್ದಾರಾ ಮೇಡಂ? ಅವರ ಹತ್ರ ಮಾತಾಡ್ತೀನಿ" ಅಂದ. ಗಾಡಿ ನನ್ನದು, ಓಡಿಸುವವಳು ನಾನು, ದುಡ್ಡು ಕೊಡುವವಳೂ ನಾನೇ. ಹೆಣ್ಣುಮಕ್ಕಳಿಗೆ ಗ್ಯಾರೇಜಿನಲ್ಲಿ ಇದು ಹೊಸದೇನಲ್ಲ ಬಿಡಿ.

ಡಬ್ಬದ ಮೇಲೆ 'ಎಲ್ಲಾ ಆಟೊಮ್ಯಾಟಿಕ್ ಗಾಡಿಗಳಿಗೆ' ಅಂತ ಬರೆದಿತ್ತು. ಅಂಥ ಡಬ್ಬ ಕಂಡರೆ ಅಲ್ಲೇ ನಿಲ್ಲಿಸಿ. ಎಲ್ಲಾ ಆಟೊಮ್ಯಾಟಿಕ್‌ಗೂ ಆಗುವ ಆಯಿಲ್ ಅಂತ ಒಂದಿಲ್ಲ. ಹ್ಯುಂಡೈಯ ಆರು ಗೇರಿನ ಬಾಕ್ಸ್ ಎಸ್‌ಪಿ-ಫೋರ್ ಕೇಳುತ್ತದೆ. ಟೊಯೋಟಾದ ಎಷ್ಟೋ ಗಾಡಿಗಳಿಗೆ ಡಬ್ಲ್ಯುಎಸ್ ಬೇಕು. ಸಿವಿಟಿ ಅಂದರೆ ಗೇರುಗಳ ಬದಲು ಬೆಲ್ಟು, ಪುಲ್ಲಿ ಇರುವ ಆಟೊಮ್ಯಾಟಿಕ್. ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ನಿಸ್ಸಾನ್ ಸಿವಿಟಿಗೆ ಎನ್‌ಎಸ್-3. ಇವು ಬರೀ ಬ್ರ್ಯಾಂಡ್ ಹೆಸರುಗಳಲ್ಲ. ಗೇರ್‌ಬಾಕ್ಸ್ ಒಳಗೆ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ಮುಳುಗಿಕೊಂಡೇ ಹಿಡಿಯಬೇಕು, ಬಿಡಬೇಕು. ಎಷ್ಟು ಬೇಗ ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವುದನ್ನು ಆಯಿಲ್‌ಗೆ ಬೆರೆಸಿದ ರಾಸಾಯನಿಕ ತೀರ್ಮಾನಿಸುತ್ತದೆ. ಹಿಂದೆ ಅಮೆರಿಕದಲ್ಲಿ ಇದಕ್ಕೆ ಸ್ಪರ್ಮ್ ವೇಲ್ ಎಂಬ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! 1970ರ ದಶಕದಲ್ಲಿ ಅದಕ್ಕೆ ನಿಷೇಧ ಬಿದ್ದಾಗ ಬದಲಿ ಹುಡುಕಲು ಕಂಪನಿಗಳು ಒದ್ದಾಡಿದವು. ಅಷ್ಟು ಸೂಕ್ಷ್ಮ ವಿಷಯ ಇದು. ಸಿವಿಟಿಯಲ್ಲಿ ಬೆಲ್ಟು ಪುಲ್ಲಿಯನ್ನು ಹಿಡಿದುಕೊಳ್ಳಬೇಕು, ಅದಕ್ಕೆ ಮಾಮೂಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಗೇರ್‌ಬಾಕ್ಸ್ ಕೈ ಬಿಟ್ಟ ಹಾಗೇ. ಬಣ್ಣ ನೋಡಿ ಕೂಡ ಮೋಸಹೋಗಬೇಡಿ. ಕೆಂಪು ಬಣ್ಣ ಲೀಕ್ ಆದರೆ ಗೊತ್ತಾಗಲಿ ಅಂತ ಹಾಕುವ ಡೈ ಅಷ್ಟೆ.

ತಪ್ಪು ಆಯಿಲ್‌ಗಿಂತ ದೊಡ್ಡ ಅನಾಹುತ ಆಗಿದ್ದು ಲೆವೆಲ್ ನೋಡುವಾಗ. ಈಗಿನ ಬಹಳಷ್ಟು ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ ಇರುವುದಿಲ್ಲ. ಪಕ್ಕದಲ್ಲೋ ಕೆಳಗೋ ಒಂದು ಲೆವೆಲ್ ಬೋಲ್ಟ್ ಇರುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು. ಇಂಜಿನ್ ಓಡುತ್ತಿರಬೇಕು. ಬ್ರೇಕ್ ಒತ್ತಿಕೊಂಡು ಎಲ್ಲಾ ಗೇರಿಗೂ ಒಮ್ಮೆ ಹಾಕಿ ಪಿಗೆ ತರಬೇಕು. ಆಯಿಲ್‌ನ ಬಿಸಿ ಹೇಳಿದ ಮಟ್ಟದಲ್ಲಿರಬೇಕು. ಹ್ಯುಂಡೈಯ ಆರು ಗೇರಿನ ಬಾಕ್ಸ್‌ಗೆ ಅದು 50ರಿಂದ 60 ಡಿಗ್ರಿ. ಕೆಲವು ಟೊಯೋಟಾಗಳಿಗೆ 40ರ ಆಸುಪಾಸು. ಆಗ ಬೋಲ್ಟ್ ಬಿಚ್ಚಿದರೆ ಆಯಿಲ್ ಸಣ್ಣ ಎಳೆಯಾಗಿ ಹರಿದು ಬರಬೇಕು. ಬಿಸಿ ಎಷ್ಟಿದೆ ಅಂತ ಗಾಡಿಯ ಕಂಪ್ಯೂಟರಿಗೆ ಜೋಡಿಸಿ ನೋಡುವ ಸ್ಕ್ಯಾನರ್ ಹೇಳಬೇಕು, ಕೈ ಇಟ್ಟು ನೋಡುವ ವಿಷಯ ಅಲ್ಲ.

ನಮ್ಮ ಬೇಸ್‌ಮೆಂಟ್‌ನಲ್ಲಿ ಏನಾಯಿತು ಗೊತ್ತಾ? ಗಾಡಿಯ ಒಂದು ಬದಿ ಜಾಕಿ ಮೇಲೆ. ಅಡಿಯಲ್ಲಿ ಸ್ಟ್ಯಾಂಡ್ ಇಲ್ಲ. ಅಂಥ ಗಾಡಿ ಕೆಳಗೆ ಆ ಹುಡುಗ ತಲೆ ತೂರಿಸಿದ್ದು ನೋಡಿ ನನಗೆ ಎದೆ ಝಲ್ ಅಂದಿತ್ತು. ಇಂಜಿನ್ ಆಫ್. ಸ್ಕ್ಯಾನರ್ ತಂದೇ ಇರಲಿಲ್ಲ. ಆಯಿಲ್ ಸುರಿದ, ಲೆವೆಲ್ ಬೋಲ್ಟಿನಿಂದ ತೊಟ್ಟಿಕ್ಕಿತು, "ಫುಲ್ ಆಯ್ತು ಮೇಡಂ" ಅಂದು ಮುಚ್ಚಿದ. ಇಂಜಿನ್ ಆಫ್ ಇದ್ದಾಗ ಮೇಲಿನ ಆಯಿಲ್‌ನಲ್ಲಿ ಬಹಳಷ್ಟು ಇಳಿದು ಕೆಳಗಿನ ಚೇಂಬರ್‌ಗೆ ಬಂದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಪಂಪ್ ಅದನ್ನು ಎಳೆದು ಟಾರ್ಕ್ ಕನ್ವರ್ಟರ್‌ಗೂ ನಾಳಗಳಿಗೂ ತುಂಬುತ್ತದೆ. ಚೇಂಬರ್‌ನಲ್ಲಿ ಲೆವೆಲ್ ಧಡಕ್ಕನೆ ಇಳಿಯುತ್ತದೆ. ಜೊತೆಗೆ ಗಾಡಿ ವಾಲಿಕೊಂಡಿತ್ತು. ಫುಲ್ ಅಂದಿದ್ದು ಅರೆಬರೆ.

ಅದು ಗೊತ್ತಾಗಿದ್ದು ಬೇಸ್‌ಮೆಂಟಿನ ರ‍್ಯಾಂಪ್ ಹತ್ತುವಾಗ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಒಮ್ಮೆಲೇ ದಡಾರ್ ಅಂತ ಗೇರ್ ಹಿಡಿದು ಮುಂದಕ್ಕೆ ನೆಗೆಯುತ್ತದೆ. ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿತ್ತು. ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತಿದ್ದವು. ಜಾರಿದಷ್ಟೂ ಸುಡುತ್ತವೆ. ಮೊದಲು ಇದ್ದ ಜರ್ಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಹೊಸ ಕಾಯಿಲೆ.

ಫೋನ್ ಮಾಡಿದರೆ, "ಇನ್ನೂರು ಕಿಲೋಮೀಟರ್ ಓಡಿಸಿ ಮೇಡಂ, ಸೆಟ್ ಆಗುತ್ತೆ" ಎಂಬ ಉತ್ತರ. ಆಯಿಲ್ ಬದಲಿಸಿದ ಮೇಲೆ ಗಾಡಿ ಕೂಗಿ ಜಾರಿದರೆ ದಯವಿಟ್ಟು ಇನ್ನೂರಲ್ಲ, ಎರಡು ಕಿಲೋಮೀಟರ್ ಕೂಡ ಓಡಿಸಬೇಡಿ. ಆಮೇಲೆ ಬೇರೆ ಹುಡುಗ ಬಂದ. ಒಂದು ಸಣ್ಣ ಬಾಟಲಿಯಲ್ಲಿ 'ಜರ್ಕ್ ನಿಲ್ಲಿಸುವ' ಔಷಧಿ ತಂದಿದ್ದ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ರೀಸೆಟ್ ಆಗುತ್ತದೆ ಅಂದ. ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರ್ ಓಡುತ್ತಾ ಕಲಿತಿಟ್ಟುಕೊಂಡಿದ್ದನ್ನು ಅಳಿಸಲು ಸ್ಕ್ಯಾನರ್ ಬೇಕು, ವೈರ್ ಬಿಚ್ಚಿದರೆ ಏನೂ ಆಗುವುದಿಲ್ಲ. ಆ ಬಾಟಲಿಯ ಮುಚ್ಚಳ ತೆಗೆಯಲು ನಾನು ಬಿಡಲಿಲ್ಲ. ಕೊನೆಗೆ ಬಂತು ನೋಡಿ ಅಸಲಿ ಮಾತು. "ಗೇರ್‌ಬಾಕ್ಸೇ ಹೋಗಿದೆ ಮೇಡಂ, ನಮಗೆ ಗೊತ್ತಿರೋರ ಹತ್ರ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ."

ಹಗ್ಗ ಕಟ್ಟಿ ಆಟೊಮ್ಯಾಟಿಕ್ ಗಾಡಿ ಎಳೆಯುವುದು ಇನ್ನೊಂದು ಅಪಾಯ. ಗೇರ್‌ಬಾಕ್ಸಿನ ಪಂಪ್ ಓಡುವುದು ಇಂಜಿನ್‌ನಿಂದ. ಇಂಜಿನ್ ನಿಂತಿದ್ದು ಚಕ್ರ ಮಾತ್ರ ತಿರುಗಿದರೆ ಒಳಗೆ ಆಯಿಲ್ ಹೋಗುವುದೇ ಇಲ್ಲ. ಚಕ್ರ ನೆಲಕ್ಕೆ ತಾಗದ ಹಾಗೆ ಇಡೀ ಗಾಡಿಯನ್ನು ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ನಾನು ಅದನ್ನೇ ಕರೆಸಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಮಾತ್ರ ಮಾಡುವ ಒಂದು ವರ್ಕ್‌ಶಾಪ್‌ಗೆ ಕಳಿಸಿದೆ.

ಅಲ್ಲಿನ ಹಿರಿಯ ಮೆಕ್ಯಾನಿಕ್ ಗಾಡಿ ಕೆಳಗೆ ಹೋಗಲೇ ಇಲ್ಲ. ಮೊದಲಿನಿಂದ ಏನಾಯಿತು ಹೇಳಿ ಅಂತ ಕೂರಿಸಿ ಕೇಳಿದರು. ಹೈವೇಯಲ್ಲಿ ಚೆನ್ನಾಗಿತ್ತು ಅಂದಾಗ ತಲೆಯಾಡಿಸಿದರು. ಬಾನೆಟ್ ಎತ್ತಿಸಿ, ಹುಡುಗನನ್ನು ಒಳಗೆ ಕೂರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ಒತ್ತಿಸಿ ಡಿ, ಆರ್, ಡಿ ಅಂತ ಹಾಕಿಸಿದರು. ತಾವು ಪಕ್ಕದಲ್ಲಿ ನಿಂತು ಇಂಜಿನ್ ನೋಡಿದರು. ಇಂಜಿನ್ ಒಂದು ಕಡೆ ಎದ್ದು ಬೀಳುತ್ತಿತ್ತು. "ನೋಡಿಮ್ಮ, ಮೌಂಟಿಂಗ್ ಹೋಗಿದೆ" ಅಂದರು. ಗೇರ್‌ಬಾಕ್ಸ್ ಹಿಡಿದಿಡುವ ರಬ್ಬರ್ ಹರಿದಿತ್ತು. ಗೇರ್ ಬಿದ್ದಾಗ ಬರುತ್ತಿದ್ದ ದಡ್ ಅದೇ. ಇಷ್ಟಕ್ಕೆ ಬೇಕಾಗಿದ್ದು ಕೆಲವು ಸಾವಿರ.

ಆಮೇಲೆ ಸ್ಕ್ಯಾನರ್ ಹಾಕಿ, ಆಯಿಲ್ ಬಿಸಿ ನೋಡಿಕೊಂಡು ಲೆವೆಲ್ ಬೋಲ್ಟ್ ಬಿಚ್ಚಿದರು. ಒಂದು ಹನಿಯೂ ಬರಲಿಲ್ಲ. ಇಳಿಸಿದ ಆಯಿಲ್‌ಗೆ ಸುಟ್ಟ ವಾಸನೆ. ಒಮ್ಮೆ ಇಳಿಸಿದರೆ ಎಲ್ಲಾ ಹೊರಗೆ ಬರುವುದಿಲ್ಲ, ಕನ್ವರ್ಟರ್‌ನಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಸರಿಯಾದ ಆಯಿಲ್ ಹಾಕಿ, ಓಡಿಸಿ, ಇಳಿಸಿ, ಮತ್ತೆ ಹಾಕಬೇಕಾಯಿತು. ಆ ಆಯಿಲ್ ದುಬಾರಿ, ಲೀಟರ್ ಲೆಕ್ಕದಲ್ಲಿ ದುಡ್ಡು ಹರಿದುಹೋಯಿತು.

ಹಾಗಾದರೆ ಮನೆಯಲ್ಲಿ ಏನೂ ಮಾಡಬಾರದಾ? ನೋಡುವ ಕೆಲಸ ಮಾಡಬಹುದು, ಬಿಚ್ಚುವ ಕೆಲಸ ಬೇಡ. ಜರ್ಕ್ ಯಾವಾಗ ಬರುತ್ತದೆ ಬರೆದಿಡಿ. ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿ ಆದ ಮೇಲೋ, ಗೇರ್ ಹಾಕುವಾಗ ಮಾತ್ರವೋ, ಎರಡರಿಂದ ಮೂರಕ್ಕೆ ಹೋಗುವಾಗಲೋ. ಕೆಳಗೆ ಆಯಿಲ್ ತೊಟ್ಟಿಕ್ಕಿದ ಗುರುತು ಇದೆಯಾ ನೋಡಿ. ಬ್ಯಾಟರಿ ಸೋತಿದ್ದರೆ, ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ಕೂಡ ಗೇರ್ ಒರಟಾಗಬಹುದು. ಗೇರ್‌ಬಾಕ್ಸ್‌ನದೇ ತೊಂದರೆ ಅಂತ ಮೊದಲೇ ತೀರ್ಮಾನಿಸಬೇಡಿ. ಇನ್ನು ನಿಮ್ಮದು ಎಎಂಟಿ ಆಗಿದ್ದರೆ ಲೆಕ್ಕವೇ ಬೇರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಇರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸ ಯಂತ್ರದ್ದು. ತಲೆ ತುಸು ತೂಗಿಸುವುದು ಅದರ ಸ್ವಭಾವ. ಅದಕ್ಕೆ ಎಟಿಎಫ್ ಹಾಕುತ್ತೇನೆ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಆಯಿಲ್ ಬದಲಿಸಲೇಬಾರದು ಅಂತಲೂ ಅಲ್ಲ. 'ಜೀವನಪೂರ್ತಿ ಬದಲಿಸಬೇಕಿಲ್ಲ' ಅನ್ನುವ ಕಾರು ಕಂಪನಿಗಳ ಮಾತನ್ನು ನಾನು ನಂಬುವುದಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನವಕ್ಕೆ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಸರಿಯಾದ ಜಾಗದಲ್ಲಿ ಮಾಡಿಸಿ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋಗಿ ನೀವೇ ಆಯಿಲ್ ತರುವುದಾದರೆ ಓನರ್ಸ್ ಮ್ಯಾನ್ಯುಯಲ್‌ನ ಆ ಪುಟದ ಫೋಟೊ ತೆಗೆದುಕೊಂಡು ಹೋಗಿ. ಅಂಗಡಿಯವರು 'ಇದೂ ಅದೇ' ಅಂದರೆ ಒಪ್ಪಬೇಡಿ.

ಈಗ ಗಾಡಿ ಓಡುತ್ತಿದೆ. ದಡ್ ಪೂರ್ತಿ ಹೋಗಿದೆ. ಆದರೆ ಬೆಳಿಗ್ಗೆ ತಣ್ಣಗಿದ್ದಾಗ ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಕ್ಷಣ ಜಾರುತ್ತದೆ. ಮೊದಲು ಇದು ಇರಲಿಲ್ಲ. ಆಯಿಲ್ ಸಾಲದೇ ಓಡಿದಾಗ ಕ್ಲಚ್ ಪ್ಲೇಟ್ ಸವೆದಿದೆ, ಜಾಸ್ತಿ ಆದರೆ ಬಿಚ್ಚಲೇಬೇಕು ಅಂದಿದ್ದಾರೆ. ಆ ಖರ್ಚು ಲಕ್ಷ ದಾಟುವ ಮಾತು.

ಮನೆಗೆ ಬಂದಿದ್ದ ಕಂಪನಿಯ ಜೊತೆ ಜಗಳ ಮಾಡಿದೆ, 1915 ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. ಅಷ್ಟಾದ ಮೇಲೆ ಲೇಬರ್ ದುಡ್ಡು ವಾಪಸ್ ಬಂತು, ಅಷ್ಟೇ. ಬಿಲ್‌ನಲ್ಲಿ 'ಜನರಲ್ ಸರ್ವಿಸ್' ಅಂತ ಮಾತ್ರ ಇತ್ತು. ಯಾವ ಆಯಿಲ್, ಎಷ್ಟು ಲೀಟರ್ ಅಂತ ಬರೆದೇ ಇರಲಿಲ್ಲ. ಯಾರ ಹತ್ತಿರ ಕೆಲಸ ಮಾಡಿಸಿದರೂ ಅವೆರಡನ್ನು ಬಿಲ್‌ನಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ. ಖಾಲಿ ಡಬ್ಬವನ್ನೂ ಅವರಿಗೆ ವಾಪಸ್ ಕೊಡಬೇಡಿ.