ಬೆಕ್ಕಿನ ಶುಗರ್ ಮೀಟರ್: ಮೀಟರಿಗೆ ಪೂರ್ತಿ ಅಂಕ, ಜೊತೆಗೆ ಬರುವ ಪೆನ್ನಿಗೆ ಸೊನ್ನೆ

ಮನೆಯಲ್ಲಿ ಯಾರದೋ ಗ್ಲುಕೋಮೀಟರ್ ಇದ್ದೇ ಇರುತ್ತದೆ, ಬೆಕ್ಕಿಗೂ ಅದೇ ಸಾಲದಾ? ಬೆಕ್ಕಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದವರು ಮೊದಲು ಕೇಳುವುದು ಇದನ್ನೇ. ನಾನು ಎರಡನ್ನೂ ಬಳಸಿದ್ದೇನೆ. ಬೆಕ್ಕಿಗೆ ಇನ್ಸುಲಿನ್ ಕೊಡುತ್ತಿದ್ದರೆ ಸಾಕುಪ್ರಾಣಿಗಳಿಗೆಂದೇ ಮಾಡಿದ ಮೀಟರ್ ತೆಗೆದುಕೊಳ್ಳಿ ಎನ್ನುತ್ತೇನೆ.

ಕಾರಣ ರಕ್ತದಲ್ಲೇ ಇದೆ. ಮನುಷ್ಯರ ರಕ್ತದ ಗ್ಲುಕೋಸಿನಲ್ಲಿ ಶೇ. 58ರಷ್ಟು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನಂಥ ಭಾಗದಲ್ಲಿರುತ್ತದೆ, ಉಳಿದದ್ದು ಕೆಂಪು ಕಣಗಳಲ್ಲಿ. ಬೆಕ್ಕಿನಲ್ಲಿ ಶೇ. 93ರಷ್ಟು ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ಮೀಟರ್ ನಮ್ಮ ರಕ್ತದ ಲೆಕ್ಕವನ್ನೇ ಹಿಡಿದು ಹೇಳುತ್ತದೆ. ಹಾಗಾಗಿ ಬೆಕ್ಕಿನ ಶುಗರನ್ನು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಇಂತಿಷ್ಟು ಕೂಡಿಸಿಕೊಂಡರೆ ಸರಿಹೋಗುತ್ತದೆ ಅನ್ನೋಣವೆಂದರೆ ಆ ವ್ಯತ್ಯಾಸವೂ ಪ್ರತಿಸಲ ಒಂದೇ ಇರುವುದಿಲ್ಲ. ಆದರೂ ಏನೂ ಇಲ್ಲದಿರುವುದಕ್ಕಿಂತ ಅದಾದರೂ ವಾಸಿ. ಡಾಕ್ಟರಿಗೆ ಯಾವ ಮೀಟರಿನ ಅಂಕಿ ಅಂತ ಮಾತ್ರ ತಪ್ಪದೆ ಹೇಳಿ.

ಇನ್ನು ಪೆನ್ನಿನ ವಿಷಯ. ಚುಚ್ಚಲು ಅಂತ ಬಾಕ್ಸಿನಲ್ಲಿ ಒಂದು ಸ್ಪ್ರಿಂಗ್ ಪೆನ್ ಬರುತ್ತದೆ. ಅದನ್ನು ಹಾಗೇ ಒಳಗೆ ಬಿಡಿ. ಸೂಜಿಗಿಂತ ಅದರ ಟಕ್ ಅನ್ನುವ ಸದ್ದಿಗೇ ನಮ್ಮ ಚಿನ್ನು ಹಾರಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಬರೀ ಲ್ಯಾನ್ಸೆಟ್, ಅಂದರೆ ಪೆನ್ನಿನೊಳಗೆ ಹಾಕುವ ಚಿಕ್ಕ ಸೂಜಿಯನ್ನು, ಕೈಯಲ್ಲಿ ಹಿಡಿದು ಚುಚ್ಚತೊಡಗಿದ ಮೇಲೆ ಸುಮ್ನೆ ಕೂರುತ್ತಾನೆ. ಕಿವಿಯ ಹೊರ ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳ ಹೋಗುತ್ತದೆ, ಹಿಂದಿನಿಂದ ಟಾರ್ಚ್ ಹಿಡಿದರೆ ಕಾಣುತ್ತದೆ. ಚುಚ್ಚಬೇಕಾದದ್ದು ಆ ನಾಳಕ್ಕಲ್ಲ, ನಾಳಕ್ಕೂ ಅಂಚಿಗೂ ನಡುವಿನ ಜಾಗಕ್ಕೆ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿಯನ್ನು ಬೆಚ್ಚಗೆ ಮಾಡಿ, ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿ. ಇಲ್ಲದಿದ್ದರೆ ರಕ್ತ ಕೂದಲಿಗೆಲ್ಲ ಹರಡಿಕೊಳ್ಳುತ್ತದೆ. ಸವರಿದ್ದರೆ ಸಾಸಿವೆ ಕಾಳಿನ ಹಾಗೆ ಗುಂಡಗೆ ನಿಲ್ಲುತ್ತದೆ. ಕಿವಿಯ ಹಿಂದೆ ಮಡಚಿದ ಹತ್ತಿ ಇರಲಿ, ಇಲ್ಲದಿದ್ದರೆ ಸೂಜಿ ಆಚೆ ದಾಟಿ ನಿಮ್ಮ ಬೆರಳಿಗೇ! ಈ ಮೀಟರಿಗೆ 0.3 ಮೈಕ್ರೋಲೀಟರ್ ರಕ್ತ ಸಾಕು. ಸ್ಟ್ರಿಪ್ಪಿನ ಅಂಚು ಹನಿಗೆ ತಾಗಿದರೆ ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಕಂದುಗಟ್ಟುವುದಿಲ್ಲ.

ಮನೆಯಲ್ಲೇ ನೋಡುವುದರ ದೊಡ್ಡ ಲಾಭ ಬೇರೆಯೇ ಇದೆ. ಬೆಕ್ಕಿಗೆ ಹೆದರಿಕೆಯಾದರೂ ಶುಗರ್ ಏರುತ್ತದೆ. ಬುಟ್ಟಿಯಲ್ಲಿ ಕೂರಿಸಿ, ಗಾಡಿಯಲ್ಲಿ ಕರೆದೊಯ್ದು, ನಾಯಿ ಬೊಗಳುವ ಕಡೆ ಕಾಯಿಸಿದ ಮೇಲೆ ಬರುವ ಅಂಕಿಯನ್ನು ಎಷ್ಟು ನಂಬುವುದು ಹೇಳಿ? ಡಾಕ್ಟರ್ ನಮ್ಮ ಕೈಲಿ ಮಾಡಿಸಿದ್ದು ದಿನದ ಗ್ರಾಫ್. ಬೆಳಗಿನ ಇನ್ಸುಲಿನ್ನಿಗೆ ಮುಂಚೆ ಒಂದು, ಆಮೇಲೆ ಎರಡು ಗಂಟೆಗೊಮ್ಮೆ, ಸಂಜೆಯ ಡೋಸಿನವರೆಗೆ. ಶುಗರ್ ಎಲ್ಲಿಯವರೆಗೆ ಇಳಿಯುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುವುದು. ಡೋಸ್ ಏರಿಸುವುದೋ ಇಳಿಸುವುದೋ ನಿಂತಿರುವುದೂ ಇದರ ಮೇಲೆಯೇ. ಬೆಳಗಿನ ಒಂದೇ ಅಂಕಿ ನೋಡಿ 'ಜಾಸ್ತಿ ಇದೆ, ಇನ್ನರ್ಧ ಯೂನಿಟ್ ಕೊಡೋಣ' ಅಂತ ನಾವೇ ತೀರ್ಮಾನಿಸುವ ಹಾಗಿಲ್ಲ.

ಒಂದು ಸಂಜೆ ಇಂಜೆಕ್ಷನ್ನಿಗೆ ಮುಂಚೆ ಮೀಟರ್ 84 ತೋರಿಸಿತು. ಚಿನ್ನು ನೋಡಲು ಎಂದಿನ ಹಾಗೇ ಇದ್ದ, ಊಟಕ್ಕಾಗಿ ಕಾಲು ಸುತ್ತುತ್ತಿದ್ದ. ಡಾಕ್ಟರಿಗೆ ಫೋನ್ ಮಾಡಿದರೆ ಆ ಹೊತ್ತಿನ ಡೋಸ್ ಬಿಡಿ ಎಂದರು. ಮುಖ ನೋಡಿ ಇದು ತಿಳಿಯುವಂಥದ್ದಲ್ಲ. 60ಕ್ಕಿಂತ ಕೆಳಗೆ ಹೋದರೆ ಅಪಾಯ. ಬೆಕ್ಕು ತೂರಾಡುತ್ತದೆ, ಸುಸ್ತಾಗಿ ಬೀಳುತ್ತದೆ, ಫಿಟ್ಸ್ ಕೂಡ ಬರಬಹುದು. ಹಾಗಾದಾಗ ಒಸಡಿಗೆ ಜೇನುತುಪ್ಪವನ್ನೋ ಗ್ಲುಕೋಸನ್ನೋ ಸವರಿಕೊಂಡೇ ಆಸ್ಪತ್ರೆಗೆ ಓಡಬೇಕು. ನಮ್ಮ ಮೀಟರಿನ ಪಕ್ಕದಲ್ಲೇ ಜೇನಿನ ಬಾಟಲಿ ಇರುತ್ತದೆ.

ಕೊರತೆ ಇಲ್ಲವೇ? ಇದೆ. ಮೀಟರ್ ಒಂದು ಸಲದ ಖರ್ಚು, ಸ್ಟ್ರಿಪ್ಪಿನದು ಮುಗಿಯದ ಖರ್ಚು. ಹನಿ ಚಿಕ್ಕದಾಯಿತೋ, ಎರರ್ ತೋರಿಸಿ ಸ್ಟ್ರಿಪ್ ದಂಡ. ಪರದೆಗೆ ಲೈಟಿಲ್ಲ, ಮುಂಜಾನೆ ಕತ್ತಲಲ್ಲಿ ಕಷ್ಟ. ಮೀಟರಿನಲ್ಲಿ ಹೊಂದಿಸಬೇಕಾದ ಕೋಡ್ ಸಂಖ್ಯೆ ನಾಯಿಗೊಂದು, ಬೆಕ್ಕಿಗೊಂದು. ಹೊಸ ಡಬ್ಬಿ ತೆರೆದಾಗಲೆಲ್ಲ ಅದನ್ನು ನೋಡಿಕೊಳ್ಳಬೇಕು. ಒಂದೇ ಹನಿಯನ್ನು ಎರಡು ಸ್ಟ್ರಿಪ್ಪಿಗೆ ಹಾಕಿದರೆ 212 ಒಮ್ಮೆ, 230 ಒಮ್ಮೆ ಬಂದೀತು. ಯಾವ ಮೀಟರಾದರೂ ಅಷ್ಟು ಹೆಚ್ಚುಕಮ್ಮಿ ಸಹಜ, ತಲೆಕೆಡಿಸಿಕೊಳ್ಳಬೇಡಿ. ಅಂಕಿ ನೆನಪಿಟ್ಟುಕೊಳ್ಳುತ್ತದೆ, ಆದರೆ ಊಟ ಎಷ್ಟು ಮಾಡಿದ, ಇನ್ಸುಲಿನ್ ಎಷ್ಟು ಕೊಟ್ಟಿರಿ ಅನ್ನುವುದಕ್ಕೆ ನೋಟ್‌ಬುಕ್ಕೇ ಗತಿ.

ಮೀಟರ್ ಎಷ್ಟೇ ಚೆನ್ನಾಗಿದ್ದರೂ ಸಿರಿಂಜ್ ತಪ್ಪಿದರೆ ಉಪಯೋಗವಿಲ್ಲ. ಇನ್ಸುಲಿನ್ ಯು-40 (ಒಂದು ಮಿಲಿಲೀಟರಿಗೆ 40 ಯೂನಿಟ್) ಆದರೆ ಸಿರಿಂಜೂ ಯು-40 ಇರಬೇಕು. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಮೀಟರ್ ಕೀಟೋನನ್ನೂ, ಅಂದರೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ, ಹೆಚ್ಚಾದರೆ ಅಪಾಯವಾಗುವ ಪದಾರ್ಥವನ್ನೂ, ತೋರಿಸುವುದಿಲ್ಲ. ಇನ್ಸುಲಿನ್ ಬದಲು ಬಾಯಿಗೆ ಕೊಡುವ ಹೊಸ ಔಷಧಿಗಳಲ್ಲಿ, ಅಂದರೆ ಬೆಕ್ಸಾಗ್ಲಿಫ್ಲೋಜಿನ್, ವೆಲಾಗ್ಲಿಫ್ಲೋಜಿನ್ ಇಂಥವುಗಳಲ್ಲಿ, ಶುಗರ್ ಚೆನ್ನಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಬಹುದು. ಆ ಬೆಕ್ಕುಗಳಿಗೆ ಮೀಟರ್ ಒಂದನ್ನೇ ನಂಬಿ ಕೂರಬೇಡಿ.

ಚರ್ಮಕ್ಕೆ ಅಂಟಿಸುವ ಸೆನ್ಸರನ್ನೂ ಹಾಕಿಸಿ ನೋಡಿದೆ. ಚುಚ್ಚುವ ತಾಪತ್ರಯವಿಲ್ಲ, ರಾತ್ರಿಯದ್ದೂ ಸಿಗುತ್ತದೆ, ಗ್ರಾಫಿಗೆ ಅದು ತುಂಬಾ ಅನುಕೂಲ. ಆದರೆ ಅದು ಅಳೆಯುವುದು ಚರ್ಮದಡಿಯ ದ್ರವವನ್ನು. ಶುಗರ್ ಸರಸರ ಇಳಿಯುವಾಗ ಅಂಕಿ ಸ್ವಲ್ಪ ಹಿಂದೆಯೇ ಉಳಿಯುತ್ತದೆ. ನಮ್ಮವನು ಅವಧಿ ಮುಗಿಯುವ ಮುಂಚೆಯೇ ಅದನ್ನು ಕೆರೆದು ಕಿತ್ತೂ ಹಾಕಿದ. ಹಾಗಾಗಿ ಸೆನ್ಸರ್ ಇದ್ದರೂ ಮೀಟರ್ ಬೇಕೇ ಬೇಕು.

ಈಗ ಚಿನ್ನುವಿನ ಡೋಸ್ ಇಳಿಯುತ್ತಾ ಬಂದಿದೆ. ಸರಿಯಾದ ಊಟ, ಇನ್ಸುಲಿನ್ ಸಿಕ್ಕಿದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು. ಅಂಥ ಸಮಯದಲ್ಲೇ ಶುಗರ್ ತೀರಾ ಇಳಿಯುವ ಭಯ ಜಾಸ್ತಿ, ಹಾಗಾಗಿ ನೋಡುವುದನ್ನು ನಿಲ್ಲಿಸಿಲ್ಲ. ಸ್ಟ್ರಿಪ್ ಮಾತ್ರ ಈಗ ಚಿಕ್ಕ ಡಬ್ಬಿಯದೇ ತರುತ್ತೇನೆ.