ಲೀಸ್ ದುಡ್ಡು ಕಳಿಸೋಕೆ ಯಾವುದು ವಾಸಿ: ಯುಪಿಐ, ಐಎಂಪಿಎಸ್, ನೆಫ್ಟ್, ಆರ್‌ಟಿಜಿಎಸ್?

ಬೆಂಗಳೂರಿನಲ್ಲಿ ಮನೆ ಲೀಸ್‌ಗೆ ಹಾಕಿಕೊಂಡಾಗ ನಮ್ಮ ದುಡ್ಡು ಎಲ್ಲ ದಾರಿಯಲ್ಲೂ ಓಡಾಡಿತು. ಬ್ರೋಕರ್‌ಗೆ ಒಂದು, ಪೇಂಟರ್‌ಗೆ ಒಂದು, ಓನರ್‌ಗೆ ಅಡ್ವಾನ್ಸ್, ಆಮೇಲೆ ಲೀಸ್‌ನ ದೊಡ್ಡ ಮೊತ್ತ. ಯಾವುದು ಬೇಗ ತಲುಪುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡರೆ ಬ್ಯಾಂಕ್ ಏನು ಕೊಡಬೇಕು ಅಂತ ಕೇಳುವವರು ಕಮ್ಮಿ.

ಯುಪಿಐ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಿನಕ್ಕೆ 1 ಲಕ್ಷದ ಮಿತಿ. ಪೇಂಟರ್‌ಗೆ ಸಾಕು, ಲೀಸ್‌ಗೆ ಸಾಲದು. ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುತ್ತದೆ, ಅದೊಂದು ನೆಮ್ಮದಿ.

ಅಡ್ವಾನ್ಸ್ ಕಳಿಸಿದ್ದು ಐಎಂಪಿಎಸ್‌ನಲ್ಲಿ, ಭಾನುವಾರ ರಾತ್ರಿ. ಖಾತೆಯಿಂದ ಖಾತೆಗೆ ತಕ್ಷಣ ದುಡ್ಡು ಹೋಗುವ ದಾರಿ ಇದು, 5 ಲಕ್ಷದವರೆಗೆ ಕಳಿಸಬಹುದು. ನನ್ನ ಖಾತೆಯಲ್ಲಿ ಕಟ್ ಆಯಿತು, ಓನರ್‌ಗೆ ಬರಲಿಲ್ಲ. ಅವರು ಫೋನ್ ಮೇಲೆ ಫೋನ್. ಮಾರನೇ ದಿನ ಮಧ್ಯಾಹ್ನ ದುಡ್ಡು ತಾನಾಗೇ ವಾಪಸ್ ಬಂತು. ಇದು ಬ್ಯಾಂಕಿನ ಉಪಕಾರ ಏನಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಮಾರನೇ ದಿನದೊಳಗೆ ವಾಪಸ್ ಹಾಕಲೇಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನಾವು ಕೇಳದೆಯೇ. ಯುಪಿಐನಲ್ಲಿ ಖಾತೆಗೆ ಕಳಿಸಿದ ಹಣಕ್ಕೂ ಇದೇ ನಿಯಮ.

ನೆಫ್ಟ್ ಅರ್ಧ ಗಂಟೆಗೊಂದು ಹೊರಡುವ ಬಸ್ ಇದ್ದ ಹಾಗೆ. ದಿನಕ್ಕೆ 48 ಬ್ಯಾಚ್. 2019ರ ಡಿಸೆಂಬರ್‌ನಿಂದ ರಾತ್ರಿಯೂ, ರಜಾ ದಿನವೂ ನಡೆಯುತ್ತದೆ. ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಅಲ್ಲಿನ ಖಾತೆಗೆ ಸೇರಬೇಕು, ಇಲ್ಲವೇ ವಾಪಸ್ ಬರಬೇಕು. ತಡವಾದರೆ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕ್‌ಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಇಲ್ಲೇ ಲೆಕ್ಕ ಮಜವಾಗಿರೋದು. ರೆಪೊ ಶೇ. 5.5 ಅಂದುಕೊಳ್ಳಿ, ಬಡ್ಡಿ ಶೇ. 7.5 ಆಯಿತು. 10,000 ರೂಪಾಯಿಗೆ ದಿನಕ್ಕೆ ಬರೀ 2 ರೂಪಾಯಿ ಚಿಲ್ಲರೆ. 5 ಲಕ್ಷಕ್ಕೆ ಬಂದಾಗ ಮಾತ್ರ 100 ರೂಪಾಯಿ ದಾಟುತ್ತದೆ. ಐಎಂಪಿಎಸ್‌ನಲ್ಲಿ 500 ರೂಪಾಯಿ ಸಿಕ್ಕಿಕೊಂಡರೂ ಅದೇ 100. ಅಂದರೆ ಸಣ್ಣ ಮೊತ್ತ ಕಳಿಸುವವರಿಗೆ ಐಎಂಪಿಎಸ್ ನಿಯಮವೇ ಲಾಭ. ಆದರೆ ಆನ್‌ಲೈನ್‌ನಲ್ಲಿ ನೆಫ್ಟ್ ಮಾಡಿದರೆ ಉಳಿತಾಯ ಖಾತೆಗೆ ಶುಲ್ಕ ಇಲ್ಲ. ಐಎಂಪಿಎಸ್‌ಗೆ ಕೆಲವು ಬ್ಯಾಂಕ್‌ಗಳು ಕೀಳುತ್ತವೆ. ಅವಸರ ಇಲ್ಲದಿದ್ದರೆ ನನ್ನ ಓಟು ನೆಫ್ಟ್‌ಗೇ.

ಲೀಸ್ ಮೊತ್ತ ಹೋಗಿದ್ದು ಆರ್‌ಟಿಜಿಎಸ್‌ನಲ್ಲಿ. 2 ಲಕ್ಷಕ್ಕಿಂತ ಕಮ್ಮಿ ಇದ್ದರೆ ಇದು ಇಲ್ಲ. ಬ್ಯಾಚ್ ಗೀಚ್ ಏನೂ ಇಲ್ಲ, ಒಂದೊಂದನ್ನೂ ಆಗಿಂದಾಗಲೇ ಇತ್ಯರ್ಥ ಮಾಡುತ್ತಾರೆ. ಪಡೆಯುವ ಬ್ಯಾಂಕ್ 30 ನಿಮಿಷದೊಳಗೆ ಖಾತೆಗೆ ಹಾಕಬೇಕು. ಆ್ಯಪ್‌ನಲ್ಲಿ ದಿನದ ಮಿತಿ ಅಡ್ಡ ಬಂತು, ಶಾಖೆಗೇ ಹೋಗಿ ಫಾರಂ ತುಂಬಿದೆ. ಅಲ್ಲಿ 5 ಲಕ್ಷ ದಾಟಿದರೆ ಶುಲ್ಕ ಹೆಚ್ಚೆಂದರೆ 49.50 ರೂಪಾಯಿ, ಮೇಲೆ ಜಿಎಸ್‌ಟಿ. ಓನರ್ ಪಕ್ಕದಲ್ಲೇ ನಿಂತಿದ್ದರು. ಕೌಂಟರ್‌ನಲ್ಲಿ ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ನಂಬರ್, ಬರೆದುಕೊಡುವಷ್ಟರಲ್ಲಿ ಅವರಿಗೆ ಮೆಸೇಜ್ ಬಂದಿತ್ತು. ಅಡ್ವಾನ್ಸ್ ದಿನದ ಗಲಾಟೆ ಯಾವುದೂ ಇರಲಿಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ನೆಫ್ಟ್, ಆರ್‌ಟಿಜಿಎಸ್ ಎರಡರಲ್ಲೂ ಬ್ಯಾಂಕ್ ಖಾತೆ ಸಂಖ್ಯೆ ಒಂದನ್ನೇ ನೋಡಿ ಹಣ ಹಾಕಬಹುದು. ಹೆಸರು ಹೊಂದದಿದ್ದರೆ ವಾಪಸ್ ಬರುತ್ತದೆ ಅಂತ ನಂಬಿ ಕೂರಬೇಡಿ. 2025ರ ಏಪ್ರಿಲ್‌ನೊಳಗೆ ಎರಡಕ್ಕೂ ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಶಾಖೆಯಲ್ಲೂ ಕೇಳಿ, ತೋರಿಸುತ್ತಾರೆ.

ಓನರ್ ಅವರ ತಂದೆ ಮಾತ್ರ ಕೊನೆಯವರೆಗೂ ಚೆಕ್ಕೇ ಬೇಕು ಅಂತಿದ್ದರು. ಬೌನ್ಸ್ ಆದರೆ ಕೇಸ್ ಹಾಕಬಹುದಲ್ಲ ಅನ್ನೋದು ಅವರ ವಾದ. ಅದು ನಿಜವೇ, ಆದರೆ ನಮ್ಮ ಕೈಯಾರೆ ಮಾಡುವ ಆರ್‌ಟಿಜಿಎಸ್‌ನಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಹಣ ಹೊರಡುವುದೇ ಇಲ್ಲ, ಬೌನ್ಸ್ ಎಲ್ಲಿಂದ ಬಂತು? ಇಎಂಐ ಥರ ಖಾತೆಯಿಂದ ತಾನಾಗೇ ಕಟ್ ಆಗುವ ವ್ಯವಸ್ಥೆಯ ಕಥೆ ಬೇರೆ. ಅದು ಬೌನ್ಸ್ ಆದರೆ 2007ರ ಪಾವತಿ ಕಾಯ್ದೆಯ 25ನೇ ಸೆಕ್ಷನ್ ಇದೆ. ಚೆಕ್ ಬೌನ್ಸ್‌ಗೆ ಇರುವ ಹಾಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಅಜ್ಜನಿಗೆ ಇದನ್ನು ಹೇಳಿದ ಮೇಲೆಯೇ ಅವರು ಆರ್‌ಟಿಜಿಎಸ್‌ಗೆ ಒಪ್ಪಿದ್ದು.