ಲಾರಿಗೆ ಹಾಕ್ಸಿದ ನಾವಿಕ್ ಟ್ರ್ಯಾಕರ್, ಹತ್ತು ತಿಂಗಳಾದ ಮೇಲೆ ರಿವ್ಯೂ

ನಮ್ದು ಬಳ್ಳಾರಿ ಜಿಲ್ಲೆ ತೋರಣಗಲ್ಲು. ಎರಡು ಲಾರಿ ಅದಾವೆ, ಎರಡಕ್ಕೂ ನ್ಯಾಷನಲ್ ಪರ್ಮಿಟ್, ಸ್ಟೀಲ್ ಕಾಯಿಲ್ ಹೇರ್ಕೊಂಡು ಚೆನ್ನೈ, ಹೈದರಾಬಾದ್ ಕಡೆ ಓಡ್ತಾವೆ. ಹೋದ್ಸಲ ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್) ಮಾಡ್ಸಾಕೆ ಹೋದಾಗ ಎಐಎಸ್-140 ಡಿವೈಸ್, ಅಂದ್ರೆ ಗಾಡಿ ಎಲ್ಲೈತೆ ಅಂತ ಹೇಳೋ ಸರ್ಕಾರಿ ಸ್ಟ್ಯಾಂಡರ್ಡಿನ ಟ್ರ್ಯಾಕರ್, ಇಲ್ದೆ ಆಗಲ್ಲ ಅಂದ್ರು, ಹಂಗಾಗಿ ಒಂದು ಗಾಡಿಗೆ ಮೊದ್ಲು ಹಾಕ್ಸಿದೆ. ನಮ್ಮ ರಾಜ್ಯದಲ್ಲಿ ಇದರ ರೇಟ್ ಸರ್ಕಾರನೇ ಫಿಕ್ಸ್ ಮಾಡೈತೆ, ಪ್ಯಾನಿಕ್ ಬಟನ್ ಸೇರಿ 7,599 ರೂಪಾಯಿ, ಮೇಲೆ ಜಿಎಸ್‌ಟಿ. ಇದಕ್ಕಿಂತ ಜಾಸ್ತಿ ಯಾರಾದ್ರೂ ಕೇಳಿದ್ರೆ ಬಿಲ್ ಕೇಳ್ರಿ.

ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಫಿಟ್ಟಿಂಗ್ ವಿಷಯದಲ್ಲಿ ನನಗೆ ಬೇಜಾರಾಗೈತೆ. ಬಳ್ಳಾರಿಲಿ ಹಾಕಿದ ಹುಡುಗ ಫ್ಯೂಸ್ ಹಾಕ್ದೆ ಡೈರೆಕ್ಟ್ ಬ್ಯಾಟರಿಗೆ ವೈರ್ ಕೊಟ್ಟುಬಿಟ್ಟಿದ್ದ, ಡಬ್ಬಿನ ಡ್ಯಾಶ್‌ಬೋರ್ಡ್ ಒಳಗೆ ಕಬ್ಬಿಣದ ಪಟ್ಟಿ ಕೆಳಗೆ ತುರುಕಿದ್ದ. ಮೊದಲ್ನೇ ವಾರ ಮ್ಯಾಪಲ್ಲಿ ನಮ್ಮ ಲಾರಿ ಒಂದ್ಸಲ ರೋಡ್ ಮೇಲೆ, ಒಂದ್ಸಲ ಹೊಲದಾಗೆ ಕಾಣೋದು. ಫೋನ್ ಮಾಡಿದ್ರೆ ನಾಳೆ ಬರ್ತೀವಿ ಸರ್ ಅಂತ ಒಂಬತ್ತು ದಿನ ಕಳೆದ್ರು. ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಕರ್ಕೊಂಡು ಬಂದು ಗಾಜಿನ ಹತ್ರ, ಆಕಾಶ ಕಾಣೋ ಜಾಗಕ್ಕೆ ಎತ್ತಿ ಕೂರ್ಸಿದ ಮೇಲೆ ಸರಿ ಹೋಯ್ತು. ಅವತ್ತಿಂದ ಇವತ್ತಿನ ತನಕ ಡಿವೈಸ್ ಒಂದ್ಸಲನೂ ಕೈ ಕೊಟ್ಟಿಲ್ಲ. ಮೇನ್ ವೈರ್ ಕಿತ್ತು ನೋಡಿದೆ, ಒಳಗಿನ ಬ್ಯಾಟರಿ ಮೇಲೆ ನಾಲ್ಕು ಗಂಟೆಗಿಂತ ಜಾಸ್ತಿನೇ ಓಡ್ತು, ವೈರ್ ಕಿತ್ತಿದ ತಕ್ಷಣ ಮೆಸೇಜೂ ಬಂತು. ಸಿಮ್ ಎರಡು ಕಂಪನಿ ನೆಟ್‌ವರ್ಕ್ ಹಿಡಿಯುತ್ತೆ, ಘಾಟಲ್ಲಿ ಸಿಗ್ನಲ್ ಹೋದ್ರೆ ಲೊಕೇಶನ್ ಎಲ್ಲಾ ತನ್ನಲ್ಲೇ ಇಟ್ಕೊಂಡು ಆಮೇಲೆ ಕಳಿಸುತ್ತೆ. ಆ್ಯಪ್ ಮಾತ್ರ ಬರೀ ಇಂಗ್ಲಿಷ್, ನಮ್ಮ ಡ್ರೈವರ್‌ಗೆ ಓದಾಕೆ ಬರಲ್ಲ, ಕನ್ನಡ ಹಾಕ್ರಿ ಅಂತ ಎರಡು ಸಲ ಬರೆದೀನಿ.

ಈಗ ನಾನು ಈ ರಿವ್ಯೂ ಬರೆಯಾಕೆ ಕೂತಿದ್ದೇ ಡಬ್ಬಿ ಮೇಲೆ ಇರೋ "ನಾವಿಕ್" ಅನ್ನೋ ಹೆಸರಿನ ಸಲುವಾಗಿ. 2019ರ ಏಪ್ರಿಲ್‌ನಿಂದ ಈ ಡಿವೈಸ್‌ಗಳಲ್ಲಿ ನಾವಿಕ್ ಇರ್ಲೇಬೇಕು ಅಂತ ರೂಲ್ ಐತೆ. ನಾವಿಕ್ ಅಂದ್ರೆ ಅಮೆರಿಕದ ಜಿಪಿಎಸ್ ಇದ್ದಂಗೆ ನಮ್ಮ ಇಸ್ರೋದ್ದು, ಭಾರತ ಮತ್ತೆ ಗಡಿಯಿಂದ ಸುತ್ತ 1,500 ಕಿಲೋಮೀಟರ್ ತನಕ ಕೆಲಸ ಮಾಡುತ್ತೆ. ಇದರಲ್ಲಿ ಎರಡು ಸರ್ವಿಸ್, ಒಂದು ನಮ್ಮಂಥವರಿಗೆ, ಇನ್ನೊಂದು ಗುಪ್ತ ಕೋಡ್ ಹಾಕಿದ್ದು, ಸೈನ್ಯದವರಿಗೆ ಮತ್ತೆ ಸರ್ಕಾರ ಒಪ್ಪಿದವರಿಗೆ ಮಾತ್ರ. ಅಂದ್ರೆ ನಮ್ಮ ಕಾಯಿಲ್ ಲಾರಿಗೆ ದಾರಿ ಹೇಳೋ ಉಪಗ್ರಹನೇ ಗಡಿಲಿರೋ ಸೈನ್ಯಕ್ಕೂ ಹೇಳುತ್ತೆ.

ನಮ್ಮ ಚಿಕ್ಕಪ್ಪ ಮಿಲಿಟರಿಲಿ ಸಿಗ್ನಲ್ಸ್‌ನಲ್ಲಿದ್ದೋರು. ಡಬ್ಬಿ ತೋರ್ಸಿದಾಗ ಅವರು ತುಂಬಾ ಹೊತ್ತು ಕೈಯಾಗೇ ಹಿಡ್ಕೊಂಡಿದ್ರು. 1999ರಲ್ಲಿ ಕಾರ್ಗಿಲ್ ಯುದ್ಧ ಆದಾಗ ಅಮೆರಿಕದವರು ಸಾರ್ವಜನಿಕರಿಗೆ ಬಿಡೋ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ತಪ್ಪು ಸೇರಿಸ್ತಿದ್ರು, 100 ಮೀಟರ್ ತನಕ ಆಚೆ ಈಚೆ ಆಗೋದು, ಅದನ್ನ ತೆಗೆದಿದ್ದು 2000ದ ಮೇ ತಿಂಗಳಲ್ಲಿ. ಬೆಟ್ಟದ ತುದಿಲಿ ಬಂಕರ್ ಮೇಲೆ ಗುರಿ ಇಡೋರಿಗೆ 100 ಮೀಟರ್ ಅಂದ್ರೆ ಬೇರೆ ಬೆಟ್ಟನೇ ಕಣೋ ಅಂದ್ರು ಚಿಕ್ಕಪ್ಪ. ಬೇರೆಯವರ ಕೈಯಾಗೆ ಸ್ವಿಚ್ ಇದ್ರೆ ಏನಾಗುತ್ತೆ ಅಂತ ಅವತ್ತು ಗೊತ್ತಾದ ಮೇಲೇನೇ ನಮ್ದೇ ವ್ಯವಸ್ಥೆ ಬೇಕು ಅನ್ನೋದು ಗಟ್ಟಿಯಾಗಿದ್ದು. 2006ರಲ್ಲಿ ಒಪ್ಪಿಗೆ ಸಿಕ್ತು, 2013ರ ಜುಲೈ 1ಕ್ಕೆ ಮೊದಲ ಉಪಗ್ರಹ ಹೋಯ್ತು, 2016ರ ಏಪ್ರಿಲ್‌ಗೆ ಈ ವ್ಯವಸ್ಥೆಯ ಏಳೂ ಉಪಗ್ರಹ ಮೇಲಿದ್ವು. ಇವುಗಳ ಲೆಕ್ಕ ನೋಡೋ ಕೇಂದ್ರ ಬೆಂಗಳೂರು ಹತ್ರ ಬ್ಯಾಲಾಳುನಲ್ಲಿ, ಉಪಗ್ರಹಗಳನ್ನ ಹಿಡಿತದಲ್ಲಿ ಇಟ್ಕೊಳೋದು ಹಾಸನದಲ್ಲಿ, ಎರಡೂ ನಮ್ಮ ರಾಜ್ಯದಾಗೇ ಅದಾವೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ.

ನಾನು ಫೋನಲ್ಲಿ ಉಪಗ್ರಹ ತೋರ್ಸೋ ಒಂದು ಆ್ಯಪ್ ಹಾಕ್ಕೊಂಡು ಸಂಡೂರು ಗುಡ್ಡದ ಹತ್ರ ಗಾಡಿ ನಿಲ್ಲಿಸಿ ನೋಡಿದೆ. ಅಮೆರಿಕದವು, ರಷ್ಯಾದವು, ಚೀನಾದವು ಹತ್ತತ್ತು ಕಂಡ್ವು. ನಮ್ಮ ಬಾವುಟದ ಮುಂದೆ ಮೂರು, ಆಮೇಲೆ ಬಯಲಿಗೆ ಬಂದ ಮೇಲೆ ನಾಲ್ಕು. ನೋಡಿ ಎದೆ ಭಾರ ಆಯ್ತು ರೀ. ಯಾಕಂದ್ರೆ ಜಾಗ ಪೂರ್ತಿ ಗೊತ್ತಾಗಾಕೆ ಕಮ್ಮಿ ಅಂದ್ರೆ ನಾಲ್ಕು ಬೇಕು, ಮೂರು ದಿಕ್ಕಿನ ಲೆಕ್ಕಕ್ಕೆ ಮೂರು, ಟೈಮ್ ಸರಿ ಮಾಡ್ಕೊಳಾಕೆ ಇನ್ನೊಂದು. ಒಂದು ಗುಡ್ಡದ ಮರೆಗೆ ಹೋದ್ರೆ ಬರೀ ನಾವಿಕ್ ಮೇಲೆ ಲಾರಿ ಎಲ್ಲೈತೆ ಅಂತ ಹೇಳಾಕೆ ಆಗಲ್ಲ, ಜಿಪಿಎಸ್ ಜೊತೆಗಿರೋದಕ್ಕೆ ನಮ್ಮ ಡಬ್ಬಿ ನಡೀತೈತೆ.

ಇಷ್ಟು ಕಮ್ಮಿ ಆಗಾಕೆ ಕಾರಣ ಗಡಿಯಾರ. ಉಪಗ್ರಹ ನಾನು ಇಂಥಾ ಕಡೆ ಇದೀನಿ, ಟೈಮ್ ಇಷ್ಟು ಅಂತ ಹೇಳ್ತಾನೇ ಇರುತ್ತೆ, ಆ ಮಾತು ಕೆಳಗೆ ಬರಾಕೆ ಎಷ್ಟೊತ್ತು ಹಿಡೀತು ಅಂತ ನೋಡಿ ಡಬ್ಬಿ ದೂರ ಲೆಕ್ಕ ಹಾಕುತ್ತೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಟೈಮ್ ತಪ್ಪಿದ್ರೂ 300 ಮೀಟರ್ ತಪ್ಪು ಬರುತ್ತೆ. ಹೊರಗಿಂದ ತಂದಿದ್ದ ಪರಮಾಣು ಗಡಿಯಾರಗಳು ಮೊದಲ್ನೇ ಉಪಗ್ರಹದಲ್ಲಿ ಮೂರಕ್ಕೆ ಮೂರೂ ಕೆಟ್ವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಕಳಿಸಿದ್ದು ರಾಕೆಟ್ ತುದಿಯ ಮುಚ್ಚಳ ಬಿಚ್ಕೊಳ್ದೆ ಹಾಳಾಯ್ತು. 2023ರ ಮೇ 29ಕ್ಕೆ ಹೋದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಐತೆ, ಅದನ್ನ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. 2025ರ ಜನವರಿ 29ಕ್ಕೆ ಎನ್‌ವಿಎಸ್-02 ಹೋಯ್ತು, ಶ್ರೀಹರಿಕೋಟಾದ ನೂರನೇ ಉಡಾವಣೆ, ರಾಕೆಟ್ ಚೆನ್ನಾಗೇ ಕೆಲಸ ಮಾಡ್ತು, ಆದ್ರೆ ಉಪಗ್ರಹದ ಒಳಗಿನ ವಾಲ್ವ್ ತೆರೀಲಿಲ್ಲ, ಸರಿಯಾದ ಕಕ್ಷೆಗೆ ಹೋಗಾಕೆ ಆಗ್ಲಿಲ್ಲ. ಆ ವರ್ಷ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ರದಲ್ಲಿ, ಹಾರಿಸಿದ 11ರಲ್ಲಿ ಜಾಗ ಹೇಳೋ ಕೆಲಸ ಮಾಡ್ತಿರೋದು ನಾಲ್ಕೇ ಅಂತ ಐತೆ. ನನ್ನ ಫೋನಲ್ಲಿ ಕಂಡಿದ್ದೂ ಅಷ್ಟೇ.

ನಾನು ಇಸ್ರೋದವರನ್ನ ಬಯ್ಯಾಕೆ ಬರೀತಿಲ್ಲ. ನೌಕಾಪಡೆಗೆ ಜಿಸ್ಯಾಟ್-7, ವಾಯುಪಡೆಗೆ ಜಿಸ್ಯಾಟ್-7ಎ ಅನ್ನೋ ಸಂಪರ್ಕ ಉಪಗ್ರಹ ಮಾಡಿಕೊಟ್ಟವರು ಅವರೇ. ಆದ್ರೆ ಒಂದು ಲಾರಿ ಕೆಟ್ರೆ ಇನ್ನೊಂದು ಕಳಿಸ್ತೀವಿ, ಅದಕ್ಕೇ ಎರಡು ಇಟ್ಕೊಂಡಿರೋದು. ಸೈನ್ಯ ನೆಚ್ಕೊಂಡಿರೋ ಕೆಲಸಕ್ಕೆ ಮೇಲೆ ಸ್ಪೇರ್ ಇರ್ಲೇಬೇಕು, ಇದಕ್ಕೆ ದುಡ್ಡು ಟೈಮ್ ಎರಡೂ ಬೇಗ ಕೊಡ್ರಿ ಅಂತ ನಮ್ಮ ಎಂಪಿ ಸಾಹೇಬ್ರಿಗೂ ಪತ್ರ ಬರೆದೀನಿ.

ಡಿವೈಸ್‌ಗೆ 5ಕ್ಕೆ 4, ಫಿಟ್ಟಿಂಗ್ ಸರ್ವಿಸ್‌ಗೆ 1. ಹಾಕ್ಸೋ ಅಣ್ಣಂದಿರು ಎದುರಿಗೇ ನಿಂತು ಫ್ಯೂಸ್ ಹಾಕ್ಸ್ರಿ, ಡಬ್ಬಿ ಮೇಲೆ ಕಬ್ಬಿಣ ಬರದಂಗೆ ನೋಡ್ಕೊಳ್ರಿ, ಐಎಂಇಐ ನಂಬರ್ ಫೋಟೋ ತಗೊಂಡು ಆರ್‌ಸಿ ಜೊತೆ ಇಟ್ಕೊಳ್ರಿ. ಎರಡನೇ ಗಾಡಿಗೆ ಮುಂದಿನ ತಿಂಗಳು ಹಾಕ್ಸ್ತೀನಿ, ಡಿವೈಸ್ ಇದೇ, ಫಿಟ್ಟಿಂಗಿಗೆ ಮಾತ್ರ ನಮ್ಮೂರಿನ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತಿರ್ತಾನೆ.